ಚಿತ್ರದಲ್ಲಿರುವುದು ಬ್ಯಾನರ್ ಮೀನು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲಕ್ಷದ್ವೀಪದ ಲೇಖನದೊಂದಿಗೆ ಪ್ರಕಟವಾದ ಮೀನಿನ ಚಿತ್ರಕ್ಕೆ ‘ಮೂರಿಶ್ ಐಡಲ್’ ಎಂಬ ಅಡಿಬರಹ ಕೊಡಲಾಗಿದೆ. ವಾಸ್ತವವಾಗಿ ಅದು ಚಿಟ್ಟೆ ಮೀನುಗಳ ಕುಟುಂಬಕ್ಕೆ ಸೇರಿದ ಬ್ಯಾನರ್ ಮೀನು. ಬಿಳಿಯ ಮೈಮೇಲೆ ಅಗಲವಾದ ಕಪ್ಪು ಪಟ್ಟಿಗಳು, ಬೆನ್ನಿನ ರೆಕ್ಕೆಯಿಂದ ಹಿಂದಕ್ಕೆ ಬಾಗಿದ ಉದ್ದನೆಯ ಬಿಳಿ ಎಳೆ ಎರಡರಲ್ಲೂ ಇರುವುದರಿಂದ ಮೊದಲ ನೋಟಕ್ಕೆ ಯಾರಿಗಾದರೂ ಗೊಂದಲವಾದೀತು. ಆದರೆ ಬಾಲವನ್ನು ಗಮನಿಸಿದರೆ ಸಾಕು: ಬ್ಯಾನರ್ ಮೀನಿನ ಬಾಲ ಹಳದಿ, ಮೂರಿಶ್ ಐಡಲ್‌ನದು ಕಪ್ಪು. ಅಲ್ಲದೆ ಐಡಲ್‌ನ ಉದ್ದ ಮೂತಿಯ ಮೇಲೆ ಕಪ್ಪು ಅಂಚಿನ ಹಳದಿ ಮಚ್ಚೆಯೊಂದು ಜೀನು ಹಾಕಿದಂತೆ ಕೂತಿರುತ್ತದೆ. ನಿಮ್ಮ ಚಿತ್ರದಲ್ಲಿ ಅದಿಲ್ಲ.

ಬ್ಯಾನರ್ ಮೀನುಗಳಲ್ಲಿಯೂ ತೀರ ಹೋಲುವ ಎರಡು ಪ್ರಭೇದಗಳಿವೆ. ಹೆನಿಯೋಕಸ್ ಅಕ್ಯುಮಿನೇಟಸ್ ಬೆಳೆದ ಮೇಲೆ ಸಾಮಾನ್ಯವಾಗಿ ಜೋಡಿಯಾಗಿ ಹವಳದ ದಿಬ್ಬದ ಆಸುಪಾಸಿನಲ್ಲೇ ಇರುತ್ತದೆ. ಹೆನಿಯೋಕಸ್ ಡಿಫ್ರೂಟಿಸ್ ದೊಡ್ಡ ಗುಂಪು ಕಟ್ಟಿಕೊಂಡು ದಿಬ್ಬದಿಂದ ಮೇಲೆ, ತೆರೆದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಖಚಿತವಾಗಿ ಹೇಳಬೇಕೆಂದರೆ ಬೆನ್ನಿನ ರೆಕ್ಕೆಯ ಮುಳ್ಳುಗಳನ್ನು ಎಣಿಸಬೇಕು: ಮೊದಲನೆಯದಕ್ಕೆ ಸಾಮಾನ್ಯವಾಗಿ 11, ಎರಡನೆಯದಕ್ಕೆ 12. ಪುರವಣಿಯ ಮುದ್ರಣದಲ್ಲಿ ಮುಳ್ಳು ಎಣಿಸುವುದು ಸಾಧ್ಯವಿಲ್ಲವಾದರೂ, ಎರಡೇ ಮೀನುಗಳು ಹವಳಕ್ಕೆ ತಾಗಿಕೊಂಡು ಈಜುತ್ತಿರುವುದರಿಂದ ಅವು ಅಕ್ಯುಮಿನೇಟಸ್ ಇರಬೇಕೆಂದು ನನ್ನ ಅಭಿಪ್ರಾಯ.

ಇಂಥ ಮೀನುಗಳು ‘ಕರಾವಳಿಯ ಉದ್ದಕ್ಕೂ’ ಕಾಣಸಿಗುತ್ತವೆ ಎಂದು ಲೇಖಕರು ಬರೆದಿರುವುದೂ ಸರಿಯಲ್ಲ. ಹವಳದ ಮೈಯೊಳಗೆ ನೆಲೆಸಿ ಅದಕ್ಕೆ ಆಹಾರ ಒದಗಿಸುವ ಪಾಚಿಗೆ ಬಿಸಿಲು ಬೇಕಾದ್ದರಿಂದ ಬೆಚ್ಚಗಿನ, ಹೆಚ್ಚು ಆಳವಿಲ್ಲದ ತಿಳಿನೀರಿನಲ್ಲಿ ಮಾತ್ರ ಇಂಥ ದಿಬ್ಬ ಬೆಳೆಯುತ್ತದೆ. ನಮ್ಮ ಜಿಲ್ಲೆಯಲ್ಲೇ ಹುಟ್ಟುವ ನೇತ್ರಾವತಿ ಮಳೆಗಾಲದಲ್ಲಿ ಕೆಂಪಗಾಗಿ ಹರಿಯುವುದನ್ನು ಕಂಡವರಿಗೆ, ಅದು ಕಡಲು ಸೇರುವಲ್ಲಿ ಹವಳದ ದಿಬ್ಬ ಏಕಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಹವಳ ನೋಡಬಯಸುವವರು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ.

ಚಿಟ್ಟೆ ಮೀನುಗಳನ್ನು ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೆಂಬ ಕೊನೆಯ ಸಲಹೆಗೆ ನನ್ನ ಆಕ್ಷೇಪವಿದೆ. ಬ್ಯಾನರ್ ಮೀನು ಹಾಕಿದ ಮೇವಿಗೆ ಒಗ್ಗಿಕೊಳ್ಳಬಹುದು. ಅದೇ ಕುಟುಂಬದ ಚೆವ್ರಾನ್ ಚಿಟ್ಟೆ ಮೀನಾದರೋ ಹೆಚ್ಚುಕಡಿಮೆ ಅಕ್ರೊಪೋರಾ ಎಂಬ ಹವಳವನ್ನೇ ನೆಚ್ಚಿ ಬದುಕುವುದರಿಂದ, ಗಾಜಿನ ತೊಟ್ಟಿಯಲ್ಲಿ ಸಾಮಾನ್ಯವಾಗಿ ಉಪವಾಸ ಬಿದ್ದು ಸಾಯುತ್ತದೆ. ದುಡ್ಡು ಕೊಟ್ಟು ತರುವವರಿಗೆ ಅಂಗಡಿಯಲ್ಲಿ ಈ ಮಾತನ್ನು ಹೇಳುವವರು ಕಡಿಮೆ, ಪತ್ರಿಕೆಯಾದರೂ ಹೇಳಬೇಕಿತ್ತು. ದಯವಿಟ್ಟು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಪ್ರಕಟಿಸಿ, ಅದರಲ್ಲಿ ಮೀನಿನ ಪ್ರಭೇದವನ್ನೂ ಚಿತ್ರ ತೆಗೆದ ಸ್ಥಳವನ್ನೂ ನಮೂದಿಸಬೇಕೆಂದು ಕೋರುತ್ತೇನೆ.

ಓರ್ವ ಓದುಗ, ಚಿಕ್ಕಮಗಳೂರು