ಓದು ಕೈಕೊಟ್ಟಾಗ ದೆವ್ವ ಕೈಹಿಡೀತು

ಸಂಪಾದಕರಿಗೆ ನಮಸ್ಕಾರ,

ಈಗಿನ ಹುಡುಗ್ರು ಬರೀ ಟೈಂಪಾಸ್ ಪುಸ್ತಕ ಓದ್ತಾರೆ ಅಂತ ಹೋದ ವಾರ ನಿಮ್ಮ ಪುರವಣೀಲಿ ಒಬ್ರು ಬೇಜಾರು ಮಾಡ್ಕೊಂಡು ಬರೆದಿದ್ರಲ್ಲ, ಅದಕ್ಕೇ ಈ ಪತ್ರ. ನನಗೆ 47. ಯುಗಾದಿಯಿಂದ ದಸರಾವರೆಗೂ ಒಂದೇ ಒಂದು ಪುಸ್ತಕ ಮುಗಿಸೋಕಾಗಿರ್ಲಿಲ್ಲ. ದಿಂಬಿನ ಪಕ್ಕ ಒಂದು ದಪ್ಪ ಕಾದಂಬರಿ ಇದೆ, 84ನೇ ಪುಟದಲ್ಲಿ ಸಿಕ್ಕಿಸಿದ ಬಸ್ ಟಿಕೆಟ್ ಅಕ್ಷರ ಎಲ್ಲಾ ಮಾಸಿ ಬೆಳ್ಳಗಾಗಿದೆ. ಎರಡು ಪ್ಯಾರಾ ಓದೋದು, ಫೋನ್ ತಗೊಳ್ಳೋದು, ಮತ್ತೆ ಅದೇ ಎರಡು ಪ್ಯಾರಾ.

ಆಮೇಲೆ ರಜಕ್ಕೆ ಬಂದಿದ್ದ ಅಕ್ಕನ ಮಗಳು ಒಂದು ಇಂಗ್ಲಿಷ್ ಪುಸ್ತಕ ಬಿಟ್ಟುಹೋದ್ಲು, ಮೆಗ್ ಕ್ಯಾಬಟ್ ಅವರ 'ಶ್ಯಾಡೋಲ್ಯಾಂಡ್'. 2000ದಲ್ಲಿ ಬಂದಿದ್ದು, ಆಗ ಜೆನ್ನಿ ಕ್ಯಾರೊಲ್ ಅನ್ನೋ ಹೆಸರಲ್ಲಿ ಬರೆದಿದ್ರಂತೆ. ಸೂಝ್ ಅಂತ 16ರ ಹುಡುಗಿ, ಅಮ್ಮ ಇನ್ನೊಂದು ಮದುವೆ ಆಗಿದ್ದಕ್ಕೆ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ಗೆ ಬರ್ತಾಳೆ, ಇವಳಿಗೆ ದೆವ್ವ ಕಾಣ್ತವೆ, ಅವಕ್ಕೆ ಬುದ್ಧಿ ಹೇಳಿ ಸಾಗಹಾಕೋದೇ ಇವಳ ಕೆಲಸ, ಕೇಳ್ದಿದ್ರೆ ಮೂತಿಗೆ ಒಂದು ಗುದ್ದು. ಹೊಸ ಮನೇಲಿ ನೋಡಿದ್ರೆ ಇವಳ ರೂಮಿನ ಕಿಟಕಿ ಹತ್ರ ಜೆಸ್ಸಿ ಕೂತಿದಾನೆ, ಸತ್ತು 150 ವರ್ಷ ಆಗಿರೋ ಚೆಂದದ ಹುಡುಗ. ಕಿರುಚೋದು ಮೂರ್ಛೆ ಹೋಗೋದು ಏನಿಲ್ಲ, ನೇರ ಜಗಳ, ಇದು ನನ್ನ ರೂಮು ನೀನು ಹೊರಡು ಅಂತ, ಪಿಜೀಲಿ ಹುಡುಗೀರು ಕಿತ್ತಾಡ್ದಂಗೆ. ಮಲತಂದೆಯ ಮೂರು ಗಂಡುಮಕ್ಕಳಿಗೆ ಸ್ಲೀಪಿ, ಡೋಪಿ, ಡಾಕ್ ಅಂತ ಸ್ನೋವೈಟ್ ಕಥೆಯ ಕುಳ್ಳರ ಹೆಸರನ್ನೇ ಅಡ್ಡಹೆಸರಾಗಿ ಬೇರೆ ಇಟ್ಟಿದಾಳೆ. ರಾತ್ರಿ ಒಂದೂವರೇಲಿ ನಾನೊಬ್ಳೇ ನಗ್ತಿದ್ರೆ ನಮ್ಮನೆಯವ್ರು ಎದ್ದು ಲೈಟ್ ಹಾಕಿದ್ರು, ನನಗೇ ಏನೋ ಮೆಟ್ಕೊಂಡಿದೆ ಅನ್ಕೊಂಡು! ಮೂರು ರಾತ್ರೀಲಿ ಪುಸ್ತಕ ಖಾಲಿ.

ಎಲ್ಲಾ ಸರಿ ಇದೆ ಅಂತಲ್ಲ. ಹುಡುಗ ಕೈಬಿಟ್ಟ ಅಂತ ಜೀವ ಕಳ್ಕೊಂಡ ಒಂದು ಹುಡುಗಿ ಸ್ಕೂಲಲ್ಲಿ ದೆವ್ವವಾಗಿ ಕಾಡ್ತಾಳೆ, ಅವಳನ್ನ ಬರೀ ವಿಲನ್ ಮಾಡಿದ್ದು ನನಗೆ ಹಿಡಿಸ್ಲಿಲ್ಲ, ಹದಿನಾರರ ಮಕ್ಕಳು ಓದೋದಲ್ವಾ, ಅಲ್ಲಿ ಸ್ವಲ್ಪ ಕರುಣೆ ಬೇಕಿತ್ತು.

ನಾನು ಕೇಳೋದಿಷ್ಟೇ, ಇಂಥದ್ದು ಕನ್ನಡದಲ್ಲಿ ನಮ್ಮ ಹುಡುಗ್ರ ಕೈಗೆ ಯಾಕೆ ಸಿಗಲ್ಲ? ದೆವ್ವಕ್ಕೇನು ಬರ ಇದ್ಯಾ ನಮ್ಮಲ್ಲಿ? ತೊಂಬತ್ತರ ದಶಕದಲ್ಲಿ ಬಾಗಿಲು ಬಾಗಿಲಿಗೆ 'ನಾಳೆ ಬಾ' ಅಂತ ಬರೀತಿದ್ರು ನೆನಪಿದ್ಯಾ, ಪಾಪ ಅದು ದಿನಾ ರಾತ್ರಿ ಬಂದು, ಓದ್ಕೊಂಡು, ಸರಿ ಅಂತ ವಾಪಸ್ ಹೋಗ್ತಿತ್ತಂತೆ. ಕನ್ನಡ ಓದೋಕೆ ಬರೋ, ಹೇಳಿದ ಮಾತು ಕೇಳೋ ದೆವ್ವ! ಅದನ್ನೇ ಇಟ್ಕೊಂಡು ಒಂದು ನಗೋ ಅಂಥ ಲವ್ ಸ್ಟೋರಿ ಯಾರ ಹತ್ರಾದ್ರೂ ಬರೆಸಿ, ನಿಮ್ಮ ಪುರವಣೀಲಿ ಧಾರಾವಾಹಿ ಹಾಕಿ ಸಾರ್, ವಾರಕ್ಕೆ ಅರ್ಧ ಪುಟ ಸಾಕು.

ಅಂದಹಾಗೆ ಎರಡನೇ ಭಾಗ ಕೊರಿಯರ್ ಮಾಡೇ ಅಂದ್ರೆ ಅಕ್ಕನ ಮಗಳು, ಮೊದ್ಲು ನಂದು ವಾಪಸ್ ಕೊಡಿ ಚಿಕ್ಕಮ್ಮ, ಅಂತಿದಾಳೆ.

ಇತಿ,
ಒಬ್ಬ ಓದುಗಿ, ಹಾಸನ