ಆ ನೀಲಿ ಫೈಲು ಹುಡುಕಿ ಕೊಡ್ತೀಯಾ?

ಶಿವಮೊಗ್ಗ
20 ನವೆಂಬರ್ 2025

ಪ್ರೀತಿಯ ಗೆಳೆಯಾ,

ಭಾನುವಾರ ಫೋನಿನಲ್ಲಿ ನನ್ನ ತೂಕ ಇಳಿಸುವ ಆಪರೇಷನ್ ಬಗ್ಗೆ ನಮ್ಮ ಮಾತು ಅರ್ಧಕ್ಕೇ ನಿಂತಿತು. "ಚೆನ್ನಾಗಿರೋ ಹೊಟ್ಟೇನ ಯಾಕೋ ಕೊಯ್ಸಿಕೊಳ್ತೀಯಾ? ದಿನಾ ಒಂದು ಗಂಟೆ ನಡಿ, ಅನ್ನ ಬಿಡು, ಸಾಕು" ಅಂದೆ ನೀನು. ನನಗೆ ಸಿಟ್ಟು ಬಂತು, ಫೋನ್ ಇಟ್ಟುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಯೋಚನೆ. ನೀನು ಹಾಗೆ ಅಂದಿದ್ದು ನನಗೇನಾದರೂ ಆದೀತು ಅನ್ನೋ ಹೆದರಿಕೆಯಿಂದ ಅಂತ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮತ್ತೆ ಗಂಟಲು ಕಟ್ಟುತ್ತದೆ.

ಇವತ್ತಿಗೆ 24 ದಿನ ಆಯಿತು. ದೀಪಾವಳಿ ಕಳೆದ ಮೇಲಿನ ಸೋಮವಾರ ಬೆಂಗಳೂರಿನ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಿಂದ ಕಂಪನಿಗೆ ನನ್ನ ಪ್ರೀ-ಆಥ್ ಹೋಯಿತು. ಆಪರೇಷನ್‌ಗೆ ಮೊದಲೇ ಕೇಳುವ ಒಪ್ಪಿಗೆ ಅದು. ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ 2024ರಲ್ಲಿ ವಿಮೆಯ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಎಲ್ಲ ವಿಮಾ ಕಂಪನಿಗಳಿಗೂ ಹೇಳಿದೆ. ನನಗೂ ಬೇಗ ಉತ್ತರ ಬಂತು. ಆದರೆ ಆಗುತ್ತೆ ಅಂತಲೂ ಇಲ್ಲ, ಆಗಲ್ಲ ಅಂತಲೂ ಇಲ್ಲ. ಕ್ವೆರಿ ಅಂತ ಬಂತು, ಅಂದರೆ ಇನ್ನಷ್ಟು ವಿವರ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಕ್ವೆರಿ. ಈಗ ಮೂರನೆಯದು ನಡೀತಿದೆ.

ಮೊದಲನೆಯದರಲ್ಲಿ ಕೇಳಿದ್ದು, ಶುಗರ್ ಯಾವತ್ತು ಗೊತ್ತಾಯಿತು ಅಂತ. ಪಾಲಿಸಿ ಮಾಡಿಸಿದ್ದು 2021ರ ಜುಲೈನಲ್ಲಿ, ಕೊರೊನಾ ಎರಡನೇ ಅಲೆಯ ಹೆದರಿಕೆಯಲ್ಲಿ. ಶುಗರ್ ಸಿಕ್ಕಿದ್ದು 2022ರಲ್ಲಿ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾನಾ ಅಂತ ನೋಡುತ್ತಾರೆ. ಲ್ಯಾಬಿನವರ ಹತ್ತಿರ ಹಳೇ ರಿಪೋರ್ಟ್ ತೆಗೆಸಿ ಕಳಿಸಿದೆ. ಈ ಆಪರೇಷನ್‌ಗೆ ನನ್ನ ಪಾಲಿಸಿಯಲ್ಲಿದ್ದ ಮೂರು ವರ್ಷದ ವೇಟಿಂಗ್ ಪೀರಿಯಡ್, ಅಂದರೆ ಹಣ ಕೇಳುವ ಮೊದಲು ಕಾಯಬೇಕಾದ ಅವಧಿ, ಹೋದ ವರ್ಷವೇ ಮುಗಿದಿದೆ. ಎರಡನೆಯ ಕ್ವೆರಿ ನಿದ್ದೆಯ ಪರೀಕ್ಷೆಯದು ಮತ್ತು ಶುಗರಿನದು. ಮೂರನೆಯದರ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕೆ ನೀನೇ ಬೇಕು.

ನಿನಗೆ ನಾನು ಒಂದು ಸಂಗತಿ ಹೇಳಿಲ್ಲ. ಈ ಜುಲೈನಲ್ಲಿ ಭದ್ರಾವತಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಹಿಂದೆ ಮಗಳು ಕೂತಿದ್ದಳು. ಮಧ್ಯಾಹ್ನ ಮೂರು ಗಂಟೆ, ಸಣ್ಣಗೆ ಮಳೆ. ಮಾಚೇನಹಳ್ಳಿ ಹತ್ತಿರ ನನಗೆ ನಿದ್ದೆ ಬಂದುಬಿಟ್ಟಿತು. ಗಾಡಿ ಓಡಿಸುತ್ತಲೇ ನಿದ್ದೆ. "ಅಪ್ಪಾ" ಅಂತ ಅವಳು ಬೆನ್ನಿಗೆ ಗುದ್ದಿದಾಗ ಎಚ್ಚರ. ಗಾಡಿ ರಸ್ತೆಯ ಅಂಚಿಗೆ ಹೋಗಿತ್ತು. ಪಕ್ಕದಲ್ಲೇ ಲಾರಿ ದಾಟಿ ಹೋಯಿತು. ನಿಲ್ಲಿಸಿ ಇಳಿದೆ. ಕೈಕಾಲು ನಡುಗುತ್ತಿತ್ತು. ಅವಳು ಏನೂ ಕೇಳಲಿಲ್ಲ. ಮನೆಗೆ ಬಂದ ಮೇಲೂ ಅಮ್ಮನಿಗೆ ಹೇಳಲಿಲ್ಲ. ಹನ್ನೊಂದು ವರ್ಷದ ಹುಡುಗಿ ನನಗೋಸ್ಕರ ಗುಟ್ಟು ಕಾಪಾಡುತ್ತಿದ್ದಾಳೆ ಅಂದಾಗ ಎದೆ ಹಿಂಡಿದ ಹಾಗಾಯಿತು. ಆ ವಾರವೇ ಡಾಕ್ಟರ ಹತ್ತಿರ ಹೋದೆ.

ತಲೆಗೆ, ಎದೆಗೆ, ಬೆರಳಿಗೆ ವೈರ್ ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಬೆಳಿಗ್ಗೆ ವರದಿ ಬಂತು. ನಿದ್ದೆಯಲ್ಲಿ ಗಂಟೆಗೆ 46 ಸಲ ನನ್ನ ಉಸಿರು ನಿಲ್ಲುತ್ತದೆ, ಇಲ್ಲವೇ ತೀರಾ ಕಡಿಮೆಯಾಗುತ್ತದೆ. 30 ದಾಟಿದರೇ ತೀವ್ರ ಅನ್ನುತ್ತಾರೆ. ಸ್ಲೀಪ್ ಆಪ್ನಿಯಾ ಅಂತ ಹೆಸರು. ಗಂಟಲಿನ ಸುತ್ತ ಕೊಬ್ಬು ತುಂಬಿದಾಗ ಮಲಗಿದರೆ ದಾರಿ ಮುಚ್ಚಿಕೊಳ್ಳುತ್ತದೆ. ನನ್ನ ಗೊರಕೆಯನ್ನು ಇಷ್ಟು ವರ್ಷ ಎಲ್ಲರೂ ತಮಾಷೆ ಅಂದುಕೊಂಡಿದ್ದೆವು, ಅಲ್ವಾ? ನನ್ನ ಹೆಂಡತಿ ಮಾತ್ರ ಅಂದುಕೊಂಡಿರಲಿಲ್ಲ. ಗೊರಕೆ ನಿಂತಾಗಲೇ ಅವಳಿಗೆ ಎಚ್ಚರ ಆಗುತ್ತಿತ್ತಂತೆ. ಎದ್ದು ಕೂತು, ಮತ್ತೆ ಉಸಿರು ಬರುವವರೆಗೂ ನನ್ನ ಎದೆ ನೋಡುತ್ತಿದ್ದಳಂತೆ. ಈಗ ಮೂಗಿಗೆ ಉಸಿರಿನ ದಾರಿ ಮುಚ್ಚದಂತೆ ಗಾಳಿ ಒತ್ತುವ ಸಿಪ್ಯಾಪ್ ಮಷೀನು ಕಟ್ಟಿಕೊಂಡು ಮಲಗುತ್ತೇನೆ. ಅವಳು ಸ್ವಲ್ಪ ನಿದ್ದೆ ಮಾಡುತ್ತಾಳೆ.

ಇನ್ನು ನಡೆಯುವ ವಿಷಯ. ನಾನು ನಡೆದದ್ದನ್ನು ನಿನಗಿಂತ ಹತ್ತಿರದಿಂದ ಯಾರು ನೋಡಿದ್ದಾರೆ ಹೇಳು. 2018ರಲ್ಲಿ ಹುಬ್ಬಳ್ಳಿಗೆ ವರ್ಗ ಆಗಿ ನಿನ್ನ ರೂಮಿನಲ್ಲೇ ಇದ್ದೆ. ಬೆಳಿಗ್ಗೆ ಐದೂವರೆಗೆ ಉಣಕಲ್ ಕೆರೆ ಸುತ್ತ. ಸಂಜೆ ನೀನು ಗಿರ್ಮಿಟ್ ಮಿರ್ಚಿ ತಿನ್ನುವಾಗ ನಾನು ಪಕ್ಕದಲ್ಲಿ ಕೂತು ಡಬ್ಬಿಯಿಂದ ಮೊಳಕೆ ಹೆಸರುಕಾಳು ತಿನ್ನುತ್ತಿದ್ದೆ. 98 ಕೆಜಿಯಿಂದ 84ಕ್ಕೆ ಇಳಿದೆ. ಎಂಟು ತಿಂಗಳಲ್ಲಿ 14 ಕೆಜಿ! ಹೊಸ ಪ್ಯಾಂಟ್ ಹೊಲಿಸಿಕೊಂಡೆ. 2020 ಮುಗಿಯುವಷ್ಟರಲ್ಲಿ 101 ಆಗಿದ್ದೆ. ಈಗ 109.

ಅಷ್ಟು ಇಳಿಸಿದ್ದು ಯಾಕೆ ಉಳಿಯಲಿಲ್ಲ ಅಂತ ಇಷ್ಟು ವರ್ಷ ನನ್ನನ್ನೇ ಬೈದುಕೊಂಡೆ. ನಾಲಿಗೆ ಹಿಡಿತದಲ್ಲಿಲ್ಲ, ಮನಸ್ಸು ಗಟ್ಟಿ ಇಲ್ಲ ಅಂತ. ಸರ್ಜನ್ ಅವರು ಒಂದು ಹಾಳೆಯ ಮೇಲೆ ಬರೆದು ತಿಳಿಸಿದರು. ತೂಕ ಇಳಿದಾಗ ದೇಹ ಅದನ್ನು ಬರಗಾಲ ಅಂತಲೇ ತಿಳಿಯುತ್ತದಂತೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನುಗಳು ಇಳಿಯುತ್ತವೆ. ತೂಕ ಇಳಿದು ಒಂದು ವರ್ಷವಾದರೂ ಅವು ಹಳೆಯ ಮಟ್ಟಕ್ಕೆ ಬರುವುದಿಲ್ಲ. ನೆನಪಿದೆಯಾ, ಆಗ ರಾತ್ರಿ ಎರಡು ಗಂಟೆಗೆ ಹಸಿದು ಎದ್ದು ಕೂರುತ್ತಿದ್ದೆ? ಅದು ಆಸೆಯಲ್ಲ ಕಣೋ, ನಿಜವಾದ ಹಸಿವು. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. ಗ್ರೆಲಿನ್ ಜಾಸ್ತಿ ತಯಾರಾಗುವುದು ಆ ತೆಗೆಯುವ ಭಾಗದಲ್ಲೇ. ಹಾಗಾಗಿ ಹಿಡಿಸುವುದೂ ಕಡಿಮೆ, ಹಸಿವೂ ಕಡಿಮೆ.

ವಾರಕ್ಕೊಂದು ಇಂಜೆಕ್ಷನ್ ಇದೆಯಲ್ಲ ಅಂದೆ ನೀನು. ಕೇಳಿದೆ. ಟಿರ್ಜೆಪಟೈಡ್ ಅನ್ನೋದು ಈ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೂ ಬಂದಿದೆ. ಒಳ್ಳೆಯ ಔಷಧಿಯೇ. ಆದರೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಆಗುತ್ತದೆ, ನಿಲ್ಲಿಸಿದರೆ ಬಹಳ ಜನಕ್ಕೆ ತೂಕ ವಾಪಸ್ ಬರುತ್ತದೆ. ನನ್ನ ಸಂಬಳದಲ್ಲಿ ಅದನ್ನು ವರ್ಷಗಟ್ಟಲೆ ತೆಗೆದುಕೊಳ್ಳಲಾರೆ.

ಸತ್ತುಹೋಗ್ತೀಯಾ ಅಂತ ನೀನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಿನ್ನ ದನಿಯಲ್ಲಿ ಅದೇ ಇತ್ತು. ನಾನೂ ಅದನ್ನೇ ಮೊದಲು ಕೇಳಿದ್ದು. ಪಳಗಿದ ಕೈಯಲ್ಲಿ ಇದರ ಅಪಾಯ ಪಿತ್ತಕೋಶದ ಆಪರೇಷನ್‌ನಷ್ಟೇ ಅಂದರು. ಹೊಲಿಗೆ ಸೋರಬಹುದು, ನೂರರಲ್ಲಿ ಒಬ್ಬರಿಗೆ ಹಾಗಾಗುತ್ತದೆ ಅಂತಲೂ ಮುಚ್ಚಿಡದೆ ಹೇಳಿದರು. ಕೆಲವು ತಿಂಗಳು ಕೂದಲು ಉದುರುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಇದೆಲ್ಲ ಗೊತ್ತಿದ್ದೇ ಒಪ್ಪಿದ್ದೇನೆ.

ಈಗ ಕಂಪನಿಯ ಲೆಕ್ಕ ಹೇಳುತ್ತೇನೆ. ಮೊದಲೆಲ್ಲ ಬಹಳಷ್ಟು ಪಾಲಿಸಿಗಳಲ್ಲಿ ಬೊಜ್ಜಿನ ಆಪರೇಷನ್ ಅಂದರೆ ಬಾಗಿಲೇ ಇರಲಿಲ್ಲ. 2019ರಲ್ಲಿ ಐಆರ್‌ಡಿಎಐ ಒಂದು ನಿಯಮ ಮಾಡಿತು. ಎತ್ತರಕ್ಕೂ ತೂಕಕ್ಕೂ ಹಾಕುವ ಬಿಎಂಐ ಲೆಕ್ಕ 40 ಇದ್ದರೆ ಸರಿ. ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಶುಗರ್, ಇವುಗಳಲ್ಲಿ ಒಂದಿರಬೇಕು. ಅದರ ಜೊತೆಗೆ, ಆಪರೇಷನ್ ಇಲ್ಲದೆ ತೂಕ ಇಳಿಸಲು ನೋಡಿ ಆಗಲಿಲ್ಲ ಅಂತಲೂ ಇರಬೇಕು. ನಾನು ಐದಡಿ ಆರಿಂಚು, 109 ಕೆಜಿ. ಬಿಎಂಐ 38.8. ನಮ್ಮವರ ದೇಹದಲ್ಲಿ ಕಡಿಮೆ ತೂಕಕ್ಕೇ ಕಾಯಿಲೆ ಬರುತ್ತದೆ, ಅದಕ್ಕೆ ನಮ್ಮ ದೇಶದ ಬೊಜ್ಜಿನ ಸರ್ಜನ್‌ಗಳ ಸಂಘ ಆ 40ನ್ನು ಇನ್ನೂ ಕೆಳಕ್ಕೆ ಇಳಿಸಿಕೊಂಡಿದೆ. ಆ ಲೆಕ್ಕದಲ್ಲಿ ನಾನು ಆಗಲೇ ಗೆರೆ ದಾಟಿದ್ದೇನೆ. ಪಾಲಿಸಿಯ ಗೆರೆ ಮಾತ್ರ 40ರಲ್ಲೇ ಇದೆ. ಇದು ಸರಿಯಲ್ಲ ಅಂತ ನನಗೆ ಅನಿಸುತ್ತದೆ.

ಹಾಗಾಗಿ ನನ್ನ ಕಾಯಿಲೆಗಳೇ ನನಗೆ ಆಧಾರ. ಇದನ್ನು ಹೇಗೆ ಹೇಳಲಿ? ಶುಗರಿನ ಮೂರು ತಿಂಗಳ ಸರಾಸರಿ ಆಗಸ್ಟ್‌ನಲ್ಲಿ 9.4 ಇತ್ತು. ಎಂಟರ ಕೆಳಗೆ ತಂದರೆ ಮಾತ್ರ ಕತ್ತಿ ಹಿಡಿಯುತ್ತೇನೆ, ಇಲ್ಲವಾದರೆ ಗಾಯ ಮಾಯುವುದಿಲ್ಲ ಅಂದರು ಸರ್ಜನ್. ಸಿಹಿ ಮುಟ್ಟಲಿಲ್ಲ, ರಾಗಿ ಮುದ್ದೆಯನ್ನೂ ನಿಂಬೆ ಗಾತ್ರಕ್ಕೆ ಇಳಿಸಿದೆ, ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಎರಡನೇ ಕ್ವೆರಿಗೆ ಹೊಸ ರಿಪೋರ್ಟ್ ಕೇಳಿದರು. 7.9 ಬಂತು. ಲ್ಯಾಬಿನ ಮುಂದೆ ನಿಂತು ಆ ಅಂಕಿ ನೋಡಿದೆ. ಖುಷಿ ಆಗಬೇಕಿತ್ತು. ಹತೋಟಿಗೆ ಬಂದಿದೆಯಲ್ಲ, ಇನ್ಯಾಕೆ ಆಪರೇಷನ್ ಅಂದುಬಿಟ್ಟರೆ ಅನ್ನೋ ಭಯವೇ ಮೊದಲು ಬಂತು. ಇನ್ನೂ ಸ್ವಲ್ಪ ಜಾಸ್ತಿ ಇರಬೇಕಿತ್ತು ಅಂತ ಒಂದು ಕ್ಷಣ ಆಸೆಪಟ್ಟೆ. ನನ್ನ ಮೈ ಇನ್ನಷ್ಟು ಕೆಡಲಿ ಅಂತ ನಾನೇ ಬಯಸಿದೆ. ಆಮೇಲೆ ನಿದ್ದೆ ಪರೀಕ್ಷೆಯ 46 ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಉಸಿರು ನಿಲ್ಲುವುದನ್ನು ನೆನೆದು ಸಮಾಧಾನ! ಕಾಯುವುದರಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಆದದ್ದು ಇದೇ. ಹೆಂಡತಿಗೂ ಹೇಳಿಲ್ಲ. ನಿನಗೆ ಹೇಳಿದೆ.

ಆಸ್ಪತ್ರೆಯಲ್ಲಿ ಕೌನ್ಸೆಲರ್ ಹತ್ತಿರವೂ ಕಳಿಸುತ್ತಾರೆ. ಎಲ್ಲರ ಹಾಗೆ ಎಷ್ಟು ತಿನ್ನುತ್ತೀರಿ ಅಂತ ಕೇಳಬಹುದು ಅಂದುಕೊಂಡಿದ್ದೆ. ಯಾರ ಮುಂದೆ ತಿನ್ನೋಕೆ ನಾಚಿಕೆ ಆಗುತ್ತೆ ಅಂತ ಕೇಳಿದರು. ಎಲ್ಲರ ಮುಂದೆ ಅಂದೆ. ಕಣ್ಣಲ್ಲಿ ನೀರು ಬಂತು. ಮದುವೆ ಮನೆಯ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರೆ ಎದುರು ಸಾಲಿನವರು ನೋಡುತ್ತಾರೆ. ಬೇಡ ಅಂದರೆ "ಅಯ್ಯೋ, ನಿಮಗೆ ಸಾಕಾಗುತ್ತಾ" ಅನ್ನುತ್ತಾರೆ. ಹತ್ತು ವರ್ಷದಿಂದ ನಾನು ಮದುವೆ ಊಟ ನೆಮ್ಮದಿಯಾಗಿ ಮಾಡಿಲ್ಲ.

ಅಮ್ಮನನ್ನು ಒಪ್ಪಿಸುವುದು ಕಷ್ಟ ಆಯಿತು. ಅವಳಿಗೆ ಬಡಿಸುವುದೊಂದೇ ಗೊತ್ತಿರುವ ಪ್ರೀತಿ. "ಹಾಗಾದ್ರೆ ಇನ್ನು ನನ್ನ ಕೈಯ ಕಡುಬು ತಿನ್ನೋದೇ ಇಲ್ವಾ?" ಅಂದಳು. ಡಯಟಿಷಿಯನ್ ಹತ್ತಿರ ಇದನ್ನೇ ಕೇಳಿದೆ. ಮೊದಲು ಎರಡು ವಾರ ಬರೀ ನೀರಾದದ್ದು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಎರಡು ಮೂರು ತಿಂಗಳಾದ ಮೇಲೆ ಅರ್ಧ ಕಡುಬು ತಿನ್ನಬಹುದು, ನಿಧಾನವಾಗಿ ಅಗಿದು ಅಂದರು. ಮನೆಗೆ ಬಂದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಣ್ಣ ಲೋಟದಲ್ಲಿ ಬೇಯಿಸ್ತೀನಿ ಬಿಡು, ಒಂದಿಡೀ ಕಡುಬು ಆಗುತ್ತೆ" ಅಂದಳು. ಮರುದಿನ ಪಾತ್ರೆ ಅಂಗಡಿಯಿಂದ ಪುಟ್ಟ ಲೋಟಗಳನ್ನು ತಂದಿದ್ದಾಳೆ, ನಾಲ್ಕು. ಅಡುಗೆಮನೆ ಕಟ್ಟೆಯ ಮೇಲೆ ಬೋರಲಾಗಿ ಇವೆ. ಒಪ್ಪಿಗೆಗೆ ಅವೂ ನನ್ನ ಜೊತೆ ಕಾಯುತ್ತಿವೆ.

ಆಸ್ಪತ್ರೆಯವರು ಕೊಟ್ಟ ಅಂದಾಜು 4.8 ಲಕ್ಷ. ಕೈಯಿಂದ ಕಟ್ಟುವ ಶಕ್ತಿ ಇಲ್ಲ. ಕಂಪನಿ ಆಗಲ್ಲ ಅಂದರೆ ಅವರಿಗೇ ಬರೆದು ದೂರು ಕೊಡುತ್ತೇನೆ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಸುಮ್ನೆ ಬಿಡುವುದಿಲ್ಲ.

ಆದರೆ ಮೊದಲು ಮೂರನೇ ಕ್ವೆರಿ. ಬೇರೆ ದಾರಿಯಲ್ಲಿ ತೂಕ ಇಳಿಸಲು ಪ್ರಯತ್ನ ಮಾಡಿದ್ದಕ್ಕೆ ದಾಖಲೆ ಕೊಡಿ ಅಂದಿದ್ದಾರೆ. ಸೋತದ್ದಕ್ಕೆ ಯಾರಾದರೂ ರಸೀದಿ ಇಟ್ಟುಕೊಳ್ಳುತ್ತಾರಾ? ಇಲ್ಲಿಯ ಜಿಮ್ ಮುಚ್ಚಿಹೋಗಿದೆ. ನೆಹರೂ ಸ್ಟೇಡಿಯಂನಲ್ಲಿ ಸುತ್ತಿದ್ದಕ್ಕೆ ಯಾವ ಕಾಗದವೂ ಇಲ್ಲ. ಆದರೆ ಹುಬ್ಬಳ್ಳಿಯಲ್ಲಿ ನಾವಿಬ್ಬರೂ ತಿಂಗಳಿಗೊಮ್ಮೆ ಡಯಟಿಷಿಯನ್ ಹತ್ತಿರ ಹೋಗುತ್ತಿದ್ದೆವಲ್ಲ. ಪ್ರತಿ ಸಲ ತೂಕ ಬರೆದು, ಸೀಲು ಒತ್ತಿ, ಸಹಿ ಮಾಡಿ ಕೊಡುತ್ತಿದ್ದರು. ಅದನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಹಾಕಿಡುತ್ತಿದ್ದೆ. ರೂಮು ಬಿಡುವಾಗ ನನ್ನ ಹಳೇ ಪುಸ್ತಕಗಳ ಜೊತೆ ನಿನ್ನ ತಗಡಿನ ಟ್ರಂಕಿನಲ್ಲೇ ಉಳಿಯಿತು. ನೀನು ಸ್ವಂತ ಮನೆಗೆ ಹೋದಾಗ ಆ ಟ್ರಂಕ್ ಅಟ್ಟಕ್ಕೆ ಹಾಕಿದೆ ಅಂದಿದ್ದೆ.

ಭಾನುವಾರ ಫೋನ್ ಮಾಡಿದ್ದು ಇದನ್ನೇ ಕೇಳೋಕೆ. ಕೇಳುವಷ್ಟರಲ್ಲಿ ಜಗಳ ಆಯಿತು.

ಹತ್ತಿ ನೋಡ್ತೀಯಾ? ಸಿಕ್ಕರೆ ಒಂದೊಂದು ಹಾಳೆಯನ್ನೂ ಬೇರೆ ಬೇರೆ ಫೋಟೋ ತೆಗೆದು ಕಳಿಸು. ತಾರೀಖು, ತೂಕ, ಸೀಲು ಮೂರೂ ಕಾಣಬೇಕು. ಉತ್ತರ ಕೊಡಲು ಬುಧವಾರ ಕೊನೆಯ ದಿನ. ಅಟ್ಟದಲ್ಲಿ ಧೂಳಿರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ. ನಿನಗೆ ಧೂಳು ಆಗುವುದಿಲ್ಲ.

ನಿನ್ನವನು