ಕ್ಯೋಟೋಗೆ ಒಂದು ದಿನ ಸಾಲದು

ಮಾನ್ಯರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಜಪಾನಿನ ಬಗ್ಗೆ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ಕ್ಯೋಟೋ ನಗರದ ಮಾತು ಬಂದಾಗಲೆಲ್ಲ ಚಿನ್ನದ ಮಂಟಪ, ಬಿದಿರಿನ ತೋಪು, ಕೆಂಪು ಕಮಾನುಗಳ ಸಾಲು, ಈ ಮೂರರ ಚಿತ್ರಗಳೇ ಅಚ್ಚಾಗುತ್ತವೆ. ಪ್ರವಾಸ ಏರ್ಪಡಿಸುವವರೂ ಇವನ್ನೇ ಒಂದು ಹಗಲಿಗೆ ಹೊಂದಿಸಿ ಸಂಜೆ ಒಸಾಕಾಕ್ಕೆ ಕರೆದೊಯ್ಯುತ್ತಾರೆ. ಕಳೆದ ವರ್ಷ ನಾನು ಹೋದ ತಂಡದ ಕಥೆಯೂ ಅದೇ. ಮಗಳು ಅಲ್ಲಿ ಕೆಲಸದಲ್ಲಿರುವುದರಿಂದ ತಂಡ ಮುಂದೆ ಹೋದ ಮೇಲೆ ಐದು ದಿನ ಉಳಿಯುವ ಅವಕಾಶ ನನಗೆ ಸಿಕ್ಕಿತು. ಅದಿಲ್ಲದಿದ್ದರೆ, ನಮ್ಮವರು ಅಲ್ಲಿ ಮೊದಲು ನೋಡಬೇಕಾದುದನ್ನೇ ನೋಡದೆ ಮರಳುತ್ತಿದ್ದೆ.

ಸಂಜೂಸಂಗೆಂದೊ ಎಂಬ ಬೌದ್ಧ ದೇಗುಲವಿದೆ. 1249ರ ಬೆಂಕಿಯಲ್ಲಿ ಸುಟ್ಟು 1266ರಲ್ಲಿ ಮತ್ತೆ ಎದ್ದು ನಿಂತ, ಸುಮಾರು 120 ಮೀಟರ್ ಉದ್ದದ ಮರದ ಮಂದಿರ ಅದು. ಒಳಗೆ ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನ 1001 ಮೂರ್ತಿಗಳು ಸಾಲುಗಟ್ಟಿ ನಿಂತಿವೆ. ನಾನು ಮಾತು ಮರೆತು ನಿಂತದ್ದು ಅವುಗಳ ಮುಂದಿನ ಸಾಲಿನಲ್ಲಿರುವ 28 ಪರಿವಾರ ದೇವತೆಗಳ ಎದುರಿಗೆ. ಅಲ್ಲಿ ಗರುಡನಿದ್ದಾನೆ, ಕಿನ್ನರನಿದ್ದಾನೆ, ಸರ್ಪಕುಲದ ಮಹೋರಗನಿದ್ದಾನೆ. ಗರುಡ ರೆಕ್ಕೆ ಬಿಚ್ಚಿ, ಕೊಕ್ಕಿಗೆ ಕೊಳಲು ಹಿಡಿದು ಊದುತ್ತಿದ್ದಾನೆ; ಕಣ್ಣಿಗೆ ಕೂರಿಸಿದ ಸ್ಫಟಿಕ ಮಂದ ಬೆಳಕಿನಲ್ಲಿ ಮಿನುಗುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಗರುಡನನ್ನು ನೋಡಿ ಬೆಳೆದ ನನಗೆ ಕೊಳಲೂದುವ ಗರುಡ ಹೊಸಬ. ಆದರೂ ಅವನನ್ನು ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ. ಅದರಿಂದ ಒಳ್ಳೆಯದೇ ಆಯಿತು, ಅಲ್ಲಿದ್ದವರೆಲ್ಲ ಕಣ್ಣಿನಿಂದಲೇ ನೋಡುತ್ತಿದ್ದರು.

ಕ್ಯೋಟೋ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ತೋಜಿ ದೇವಾಲಯದ್ದೂ ಇದೇ ಮಾತು. ಅದರ ಐದು ಅಂತಸ್ತಿನ ಮರದ ಗೋಪುರವನ್ನು ರೈಲಿನಿಂದಲೇ ಕಂಡವರು ಬಹಳ ಮಂದಿ. ಒಳಗೆ ಹೋದವರು ಕಡಿಮೆ. ಶಿಂಗೋನ್ ಎಂಬ ಬೌದ್ಧ ಪಂಥದ ಗುರು ಕೂಕಾಯ್ ಅವರಿಗೆ 823ರಲ್ಲಿ ಒಪ್ಪಿಸಲಾದ ಈ ದೇವಾಲಯದ ಉಪನ್ಯಾಸ ಮಂದಿರದಲ್ಲಿ 21 ಮೂರ್ತಿಗಳು ಮಂಡಲದ ಕ್ರಮದಲ್ಲಿವೆ. ಒಂದು ಬದಿಯಲ್ಲಿ ನಾಲ್ಕು ಹಂಸಗಳ ಮೇಲೆ ಕುಳಿತ ನಾಲ್ಮೊಗದ ಬ್ರಹ್ಮ. ಇನ್ನೊಂದು ಬದಿಯಲ್ಲಿ ಆನೆಯ ಮೇಲೆ ಇಂದ್ರ. ಅಲ್ಲಿ ಅವರನ್ನು ಬೊಂತೆನ್, ತೈಶಾಕುತೆನ್ ಎನ್ನುತ್ತಾರೆ. ಪ್ರತಿ ತಿಂಗಳ 21ರಂದು ಇದೇ ಆವರಣದಲ್ಲಿ ಕೂಕಾಯ್ ನೆನಪಿನ ಸಂತೆ ಸೇರುತ್ತದೆ. ಹಳೆಯ ಕಿಮೊನೊ, ಪಿಂಗಾಣಿ, ಉಪ್ಪಿನಕಾಯಿಗಳ ನಡುವೆ ಅಡ್ಡಾಡುವ ಅಜ್ಜಿಯರನ್ನು ಕಂಡಾಗ ಯಾವುದೋ ನಮ್ಮೂರ ಜಾತ್ರೆಗೆ ಬಂದಂತೆಯೇ ಅನ್ನಿಸಿತು.

ವಸ್ತುಸಂಗ್ರಹಾಲಯದ ವಿಷಯದಲ್ಲಿ ನಾನು ಎಡವಿದೆ. 1897ರಲ್ಲಿ ತೆರೆದ ಕ್ಯೋಟೋ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಸಂಜೂಸಂಗೆಂದೊಗೆ ರಸ್ತೆಯಾಚೆ ಎದುರಿಗೇ ಇದೆ. ನಾನು ಹೋದದ್ದು ಸೋಮವಾರ, ಅದರ ವಾರದ ರಜೆ. ಒಂದು ಪ್ರದರ್ಶನ ಮುಗಿದು ಇನ್ನೊಂದು ಆರಂಭವಾಗುವ ನಡುವೆಯೂ ಅಲ್ಲಿನ ಪ್ರದರ್ಶನ ಕೊಠಡಿಗಳು ಮುಚ್ಚಿರುವುದುಂಟು. ಹೊರಡುವ ಮೊದಲು ಇದನ್ನು ನೋಡಿಕೊಳ್ಳಬೇಕು ಎಂದು ನಮ್ಮ ತಂಡದವರು ಯಾರೂ ಹೇಳಿರಲಿಲ್ಲ.

ಕೆಂಪು ಕಮಾನುಗಳ ಸಾಲಿರುವ ಫುಶಿಮಿ ಇನಾರಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಬರೀ ಚಿತ್ರಕ್ಕೆ ಹಿನ್ನೆಲೆಯಲ್ಲ, ಭತ್ತದ ಬೆಳೆಯ ದೇವತೆಯ ಸ್ಥಾನ. ಬೆಟ್ಟ ಹತ್ತುವಾಗ ಬರೀ ಕೆಂಬಣ್ಣವಾಗಿ ತೋರುವ ಕಂಬಗಳ ಮೇಲೆ, ಇಳಿಯುವಾಗ ಕಪ್ಪು ಅಕ್ಷರಗಳು ಕಾಣುತ್ತವೆ: ಕಮಾನು ಕಟ್ಟಿಸಿಕೊಟ್ಟವರ ಹೆಸರು, ಕೊಟ್ಟ ದಿನ. ನಮ್ಮ ದೇವಸ್ಥಾನಗಳ ಮೆಟ್ಟಿಲ ಮೇಲೆ ದಾನಿಗಳ ಹೆಸರು ಕೆತ್ತಿಸುವುದಿಲ್ಲವೇ, ಹಾಗೆ. ಬಹುಪಾಲು ಜನ ಕೆಳಗೇ ಚಿತ್ರ ತೆಗೆದುಕೊಂಡು ಮರಳುವುದರಿಂದ, ಅರ್ಧ ಗಂಟೆ ಹತ್ತಿದರೆ ಸಾಕು, ದಾರಿ ನಿಮ್ಮದೇ. ಇಂಥ ಜಿಂಜಾಗಳಲ್ಲಿ, ಅಂದರೆ ಶಿಂಟೊ ಧರ್ಮದ ಗುಡಿಗಳಲ್ಲಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಬೌದ್ಧ ದೇಗುಲಗಳಲ್ಲಿ ಚಪ್ಪಾಳೆಯಿಲ್ಲ, ಕೈಮುಗಿದರೆ ಸಾಕು.

ಇಳಕಲ್‌ನವನಾದ ನನ್ನನ್ನು ಕೊನೆಯ ದಿನ ಮಗಳು ನಿಶಿಜಿನ್ ನೇಕಾರರ ಕೇರಿಗೆ ಕರೆದೊಯ್ದಳು. 1870ರ ದಶಕದಲ್ಲೇ ಫ್ರಾನ್ಸಿನ ಲಿಯೋನ್ ನಗರದಿಂದ, ಚಿತ್ತಾರ ನೇಯುವ ಜಕಾರ್ಡ್ ಮಗ್ಗ ತರಿಸಿಕೊಂಡವರು ಅವರು. ಮುಂಬದಿ ಕಿರಿದಾಗಿ ಒಳಗೆ ಉದ್ದಕ್ಕೆ ಹೋಗುವ ಮರದ ಮನೆಗಳ ಜಾಲಂದ್ರದಾಚೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಒಂದು ಕಡೆ ಹಿರಿಯ ನೇಕಾರರೊಬ್ಬರು ತಮ್ಮ ಉಗುರು ತೋರಿಸಿದರು. ತುದಿಯನ್ನು ಗರಗಸದ ಹಲ್ಲಿನಂತೆ ಅರದಿಂದ ಉಜ್ಜಿ, ಅದರಿಂದಲೇ ಹೊಕ್ಕಿನ ಎಳೆಗಳನ್ನು ಬಾಚಿ ಬಿಗಿಗೊಳಿಸುವ ತ್ಸುಝುರೆ ನೇಯ್ಗೆ ಅವರದು. ನನ್ನ ಅಪ್ಪನ ಬೆರಳುಗಳೂ ಮಗ್ಗದಲ್ಲಿ ಸವೆದವೇ. ಆ ನೇಕಾರರ ಕೈಯನ್ನು ಬೇಗ ಬಿಡಲಾಗಲಿಲ್ಲ.

ಗಿಯೋನ್ ಕೇರಿಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರಬಾರದೆಂದು ಅಲ್ಲಿನ ನಿವಾಸಿಗಳು 2024ರಲ್ಲಿ ಫಲಕ ಹಾಕಿದ್ದಾರೆ. ಅಲ್ಲಿನ ಸಾಂಪ್ರದಾಯಿಕ ಕಲಾವಿದೆಯರಾದ ಗೇಯ್ಕೊಗಳನ್ನು, ಆ ಕಲೆ ಕಲಿಯುತ್ತಿರುವ ಮೈಕೊಗಳನ್ನು ಕ್ಯಾಮೆರಾ ಹಿಡಿದು ಬೆನ್ನಟ್ಟಿದವರಿಂದಾಗಿ ಈ ನಿರ್ಬಂಧ ಬಂತು. ನಮ್ಮ ಓದುಗರಿಗೆ ಇದು ಹೊರಡುವ ಮೊದಲೇ ತಿಳಿದಿರಬೇಕು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಪ್ರವಾಸ ಲೇಖನಗಳ ಜೊತೆಗೆ ಆಯಾ ಸ್ಥಳದ ರಜಾದಿನ, ಫೋಟೊ ನಿಯಮ ಮತ್ತು ಅಲ್ಲಿ ನಿಂತು ನೋಡಬೇಕಾದ ಒಂದೆರಡು ವಸ್ತುಗಳ ವಿವರ ಕೊಡಿ. ಮುಂದಿನ ಸಲ ಕ್ಯೋಟೋ ಬಗ್ಗೆ ಪ್ರಕಟಿಸುವಾಗ ತೋಜಿಯ ಹಂಸವಾಹನ ಬ್ರಹ್ಮನಿಗೂ ಅರ್ಧ ಪುಟ ಮೀಸಲಿಡಿ.

— ನಿವೃತ್ತ ಶಿಕ್ಷಕ, ಇಳಕಲ್